ಪುಸ್ತಕ ವಾಪಸ್ ತಂದ ಕಂಡಕ್ಟರ್ ಅವರಿಗೆ

ತಿಂಗಳಿಗೆ ಎರಡು ಕಾದಂಬರಿ ಅಂತ ನನ್ನದೊಂದು ಲೆಕ್ಕ. ಈ ಸಲ ಮೊದಲು ವಿವೇಕ ಶಾನಭಾಗರ ‘ಸಕೀನಾಳ ಮುತ್ತು’ ಮುಗಿಸಿದೆ. ಕಥೆ ಹೇಳುವ ಅಪ್ಪನನ್ನು ನಂಬಬೇಕೋ ಬೇಡವೋ ಅನ್ನುವ ಅನುಮಾನ ಇನ್ನೂ ಹೋಗಿಲ್ಲ. ಎರಡನೆಯದು ವಸುಧೇಂದ್ರರ ‘ತೇಜೋ ತುಂಗಭದ್ರಾ’. 2019ರಲ್ಲೇ ಬಂದದ್ದು, ನಾನು ಸ್ವಲ್ಪ ಲೇಟು. ಒಂದು ನದಿ ಲಿಸ್ಬನ್ನಿನದು, ಇನ್ನೊಂದು ವಿಜಯನಗರದ್ದು. ನನಗೆ ಲಿಸ್ಬನ್ ಭಾಗವೇ ಜಾಸ್ತಿ ಹಿಡಿಸಿತು.

ಶನಿವಾರ ಶಿವಮೊಗ್ಗದಿಂದ ಬಸ್ಸಿನಲ್ಲಿ ಅದನ್ನೇ ಓದುತ್ತಾ ಬಂದೆ. ಆನಂದಪುರದಲ್ಲಿ ಛತ್ರಿ, ಚೀಲ, ತರಕಾರಿ ಎಲ್ಲ ಹಿಡಿದು ಇಳಿದೆ. ಪುಸ್ತಕ ಮಾತ್ರ ಸೀಟಿನ ಮೇಲೆ ಬೋರಲು ಮಲಗಿತ್ತು. ನೆನಪಾಗುವಷ್ಟರಲ್ಲಿ ಬಸ್ಸು ಸಾಗರದ ದಾರಿ ಹಿಡಿದಾಗಿತ್ತು. ಅದೂ ಲೈಬ್ರರಿ ಪುಸ್ತಕ! ದಂಡ ಕಟ್ಟಬಹುದು, ಆದರೆ ಹಡಗು ಇನ್ನೂ ಸಮುದ್ರದ ನಡುವೆ ಇತ್ತಲ್ವಾ?

‘ಅದೇ ಬಸ್ಸು ಸಂಜೆ ವಾಪಸ್ ಬರ್ತದೆ, ಕಾಯಿರಿ’ ಎಂದರು ಟೀ ಅಂಗಡಿಯವರು. ಕಾದೆ. ಮಳೆ ಬೇರೆ.

ಬಸ್ಸು ಪೂರ್ತಿ ನಿಲ್ಲುವ ಮೊದಲೇ ನೀವು ಬಾಗಿಲಿಂದ ಬಗ್ಗಿ, ‘ಬುಕ್ಕು ನಿಮ್ದೇ ಅಲ್ವೇನಮ್ಮಾ?’ ಎಂದಿರಿ. ನೆನೆಯದಂತೆ ಪೇಪರಿನಲ್ಲಿ ಸುತ್ತಿದ್ದಿರಿ. ಬಿಚ್ಚಿ ನೋಡಿದರೆ ನಾನು ನಿಲ್ಲಿಸಿದ ಪುಟದಲ್ಲೇ ಒಂದು ಹಳೇ ಟಿಕೆಟ್ ಮಡಚಿ ಇಟ್ಟಿದ್ದೀರಿ.

ಐವತ್ತು ರೂಪಾಯಿ ಚಾಚಿದರೆ, ‘ಸುಮ್ನಿರಿ’ ಎಂದು ಕೈ ಆಡಿಸಿದಿರಿ. ‘ನಾನೂ ನಾಲ್ಕು ಪುಟ ಓದ್ದೆ. ಆ ಹುಡುಗ ಊರು ಮುಟ್ತಾನಾ?’

ನಾನು ಬಾಯಿ ತೆಗೆಯುವಷ್ಟರಲ್ಲಿ ‘ರೈಟ್’ ಅಂದುಬಿಟ್ಟಿರಿ. ಮುಟ್ಟುತ್ತಾನೆ ಸಾರ್. ಆಮೇಲಿನದ್ದು ಹೇಳಲ್ಲ, ನೀವೇ ಓದಿ. ತುಂಬಾ ಥ್ಯಾಂಕ್ಸ್.