ಬೆಳಗಿನ ಹೊತ್ತು ಇನ್ನು ನಾಯಿಗಳ ಆಟಕ್ಕೆ

ನಮ್ಮ ಗ್ರಾಹಕರೆಲ್ಲರಿಗೂ ಶರಣು.

ಊರಿಗೆ ಹೋಗುವಾಗ ನಿಮ್ಮ ನಾಯಿಯನ್ನು ನಮ್ಮಲ್ಲಿ ಬಿಟ್ಟು ಹೋಗುತ್ತೀರಿ. ಅದಕ್ಕೆ ನೀವು ಕೊಡುವ ಹಣದಲ್ಲೇ ಕಲಬುರಗಿಯ ಬೀದಿಗಳಿಂದ ತಂದ ನಾಯಿಗಳನ್ನೂ ಸಾಕುತ್ತಿದ್ದೇವೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಬೆಳಿಗ್ಗೆ 6ರಿಂದ 8ರವರೆಗೆ ನಾಯಿ ತಂದು ಬಿಡುವುದು, ಕರೆದೊಯ್ಯುವುದು ಇರುವುದಿಲ್ಲ. ಆ ಹೊತ್ತಿನಲ್ಲಿ ಆಶ್ರಯದ ನಾಯಿಗಳನ್ನು ಗುಂಪಾಗಿ ಆಟಕ್ಕೆ ಬಿಡುತ್ತೇವೆ. ಬೆಳಗಿನ ರೈಲಿಗೆ ಹೊರಡುವವರು ಹಿಂದಿನ ಸಂಜೆಯೇ ನಾಯಿಯನ್ನು ತಂದು ಬಿಡಿ. ಆ ರಾತ್ರಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಬೇರೆ ಹೊತ್ತು ಯಾಕಾಗಲ್ಲ ಅಂತ ಕೇಳಬಹುದು. ನಮ್ಮ ಕಡೆಯ ಬಿಸಿಲಿನ ಬಗ್ಗೆ ನಿಮಗೆ ಹೇಳಬೇಕೇ? ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಕಾದ ಶಹಾಬಾದ್ ಕಲ್ಲಿನ ಮೇಲೆ ನಾಯಿಯ ಪಾದ ಸುಡುತ್ತದೆ. ನಮ್ಮ ಹಾಗೆ ಅದಕ್ಕೆ ಮೈಯೆಲ್ಲ ಬೆವರುವುದಿಲ್ಲ, ತೇಕುತ್ತಲೇ ಮೈ ತಣಿಸಿಕೊಳ್ಳಬೇಕು. ಬಿಸಿಲೇರುವ ಮುಂಚೆ ಓಡಾಟ ಮುಗಿಯಲೇಬೇಕು.

ದಿನವಿಡೀ ಗೂಡಿನಲ್ಲೇ ಇರುವ ನಾಯಿ ಸುಮ್ನೆ ಬೊಗಳುತ್ತದೆ, ನಿಂತಲ್ಲೇ ಸುತ್ತುತ್ತದೆ, ತನ್ನ ಕಾಲನ್ನೇ ನೆಕ್ಕಿ ನೆಕ್ಕಿ ಗಾಯ ಮಾಡಿಕೊಳ್ಳುತ್ತದೆ. ಸಾಕಲು ನಾಯಿ ಹುಡುಕಿ ಬಂದವರು ಇದು ಸಿಡುಕು ನಾಯಿ ಅಂದುಕೊಂಡು ಮುಂದೆ ಹೋಗುತ್ತಾರೆ. ನಮಗೆ ಜಾಸ್ತಿ ಸಂಕಟವಾಗುವುದು ಆಗಲೇ. ಅದೇ ನಾಯಿಯನ್ನು ಆಟದಲ್ಲಿ ನೋಡಬೇಕು. ಮುಂಗಾಲು ಚಾಚಿ, ಎದೆ ನೆಲಕ್ಕಿಟ್ಟು, ಸೊಂಟ ಎತ್ತಿ ಇನ್ನೊಂದನ್ನು ಕರೆಯುತ್ತದೆ. ಒಮ್ಮೆ ಅಟ್ಟುತ್ತದೆ, ಮರುಗಳಿಗೆ ತಾನೇ ಅಟ್ಟಿಸಿಕೊಂಡು ಓಡುತ್ತದೆ. ಹಲ್ಲು ಜೋರಾಗಿ ತಾಗಿತೋ, ಜೊತೆಯದು ಕುಂಯ್ ಎಂದು ಆಟ ನಿಲ್ಲಿಸುತ್ತದೆ. ಹಲ್ಲನ್ನು ಮೆಲ್ಲಗೆ ತಾಗಿಸುವುದನ್ನು ನಾಯಿ ಕಲಿಯುವುದು ಹೀಗೆ. ಇದನ್ನು ನಾಯಿಗೆ ನಾಯಿಯೇ ಚೆನ್ನಾಗಿ ಕಲಿಸುತ್ತದೆ. ಆಡಿ ದಣಿದದ್ದು ನೆಮ್ಮದಿಯಾಗಿ ಮಲಗುತ್ತದೆ, ಬೊಗಳಾಟವೂ ಇಳಿಯುತ್ತದೆ. ನಾಯಿ ಸಾಕಬೇಕೆನ್ನುವವರು ಆ ಹೊತ್ತಿಗೆ ಬಂದು ಜಾಲರಿಯ ಹೊರಗೆ ನಿಂತು ನೋಡಿ. ಸ್ವಭಾವ ತಿಳಿಯಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ.

ಎಲ್ಲವನ್ನೂ ಒಮ್ಮೆಲೇ ಬಿಡುವುದಿಲ್ಲ, ಹೆದರಬೇಡಿ. ಹೊಸ ನಾಯಿಯನ್ನು ಮೊದಲು ಶಾಂತ ನಾಯಿಯೊಂದರ ಜೊತೆ ಬೆಲ್ಟ್ ಹಾಕಿ ನಡೆಸುತ್ತೇವೆ. ಅಲ್ಲಿ ತಿಂಡಿ, ಚೆಂಡು ಇಡುವುದಿಲ್ಲ. ಅವುಗಳಿಗಾಗಿಯೇ ಅಲ್ವಾ ಜಗಳ ಶುರುವಾಗುವುದು? ಬೆದೆಗೆ ಬಂದ ಹೆಣ್ಣುನಾಯಿ, ಲಸಿಕೆ ಪೂರ್ತಿ ಆಗದ ಮರಿಗಳನ್ನು ಸೇರಿಸುವುದಿಲ್ಲ. ಗುಂಪು ಒಗ್ಗದ ನಾಯಿಗಳೂ ಇರುತ್ತವೆ. ಅವನ್ನು ಒತ್ತಾಯ ಮಾಡದೆ ಬೇರೆಯಾಗಿ ತಿರುಗಾಡಿಸುತ್ತೇವೆ.

ನಿಮ್ಮ ನಾಯಿಯನ್ನು ನೀವು ಒಪ್ಪದೆ ಗುಂಪಿಗೆ ಬಿಡುವುದಿಲ್ಲ. ಅದೂ ಆಡಲಿ ಎಂದರೆ ರೇಬೀಸ್, ಪಾರ್ವೊ, ಡಿಸ್ಟೆಂಪರ್ ಲಸಿಕೆ ಬರೆಸಿದ ಪುಸ್ತಕ ತಂದು ಸಹಿ ಮಾಡಿಕೊಡಿ. ದರ ಮೊದಲಿನಷ್ಟೇ.

ಇಂತಿ,
ಆಶ್ರಯದ ಬಳಗ, ಕಲಬುರಗಿ