ಗೋಲ್‌ಕೀಪರ್‌ಗೂ ಆ ಪ್ರಶಸ್ತಿ ಸಿಕ್ಕಿದೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಫುಟ್‌ಬಾಲ್ ಗೋಲ್‌ಕೀಪರ್‌ಗಳ ಲೇಖನ ಓದಿದೆ. ಯಾಶಿನ್, ಕಾನ್, ಬುಫಾನ್ ಎಲ್ಲರೂ ಇದ್ದರು, ಖುಷಿಯಾಯಿತು. ಆದರೆ ಫಿಫಾದ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಯಾವ ಗೋಲ್‌ಕೀಪರ್‌ಗೂ ದಕ್ಕಿಲ್ಲ, ಕಾನ್ ಕೂಡ 2002ರಲ್ಲಿ ಎರಡನೇ ಸ್ಥಾನಕ್ಕೇ ನಿಲ್ಲಬೇಕಾಯಿತು ಎಂದು ಕೊನೆಯಲ್ಲಿ ಬರೆದಿದ್ದೀರಿ. ಕಾನ್ ವಿಷಯ ಸರಿ. ಉಳಿದದ್ದು ತಪ್ಪು. 2013ನೇ ಸಾಲಿನ ಮಹಿಳೆಯರ ಪ್ರಶಸ್ತಿ ಸಿಕ್ಕಿದ್ದು ಜರ್ಮನಿಯ ಗೋಲ್‌ಕೀಪರ್ ನಾದೀನ್ ಆಂಗರರ್ ಅವರಿಗೆ. ಗಂಡಸರ ಪ್ರಶಸ್ತಿಯನ್ನು ರೊನಾಲ್ಡೊ ತೆಗೆದುಕೊಂಡರಲ್ಲ, ಅದೇ ಸಂಜೆ, ಅದೇ ವೇದಿಕೆಯಲ್ಲಿ. ಲೇಖಕರು ಗಂಡಸರನ್ನಷ್ಟೇ ಲೆಕ್ಕ ಹಾಕಿದ್ದರೆ ಅದನ್ನಾದರೂ ಬರೆಯಬಹುದಿತ್ತು, ಅಲ್ವಾ?

ನನಗೆ ಇಷ್ಟು ಚುರುಕ್ ಅನ್ನಲು ಕಾರಣವಿದೆ. ಕಾಲೇಜು ತಂಡದಲ್ಲಿ ನಾನು ಎರಡು ವರ್ಷ ಎರಡನೇ ಗೋಲ್‌ಕೀಪರ್. ಎರಡನೇ ಗೋಲ್‌ಕೀಪರ್ ಅಂದರೆ ಏನು ಗೊತ್ತಾ? ಎಲ್ಲರ ವಾಚು, ಓಲೆ, ಮನೆ ಬೀಗದ ಕೈ ನಮ್ಮ ಮಡಿಲಲ್ಲಿ. ಗ್ಲೌಸ್ ಹಾಕಿಕೊಂಡೇ ಕೂತಿರುವುದು, ಆಟ ಮುಗಿದ ಮೇಲೆ ಒಂದು ಚೂರೂ ಮಣ್ಣಾಗದ ಅದನ್ನು ಬ್ಯಾಗಿಗೆ ತುರುಕುವುದು. ಮುಂದೆ ಆಡುವವರನ್ನು ಆಟದ ನಡುವೆ ಬದಲಾಯಿಸುತ್ತಾರೆ. ಗೋಲ್‌ಕೀಪರ್‌ನ ಸುಮ್ನೆ ಯಾರೂ ಬದಲಾಯಿಸುವುದಿಲ್ಲ.

ಆಂಗರರ್ ದೇಶದ ತಂಡದಲ್ಲಿ ಹೆಚ್ಚುಕಮ್ಮಿ ಹನ್ನೊಂದು ವರ್ಷ ಹೀಗೆ ಕಾದವರು. 1996ರಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದಾಗ ಅವರಿಗೆ ಇನ್ನೂ ಹದಿನೇಳು. ಆದರೆ ಮೊದಲ ಆಯ್ಕೆ ಜಿಲ್ಕೆ ರೊಟ್ಟೆನ್‌ಬರ್ಗ್. ಕ್ಲಬ್ಬಿನ ಕಥೆ ಬೇರೆ. ಪಾಟ್ಸ್‌ಡಾಮ್ ತಂಡದ ಗೋಲು ಕಾದು 2005ರಲ್ಲಿ ಯುರೋಪಿನ ಕ್ಲಬ್ಬುಗಳ ಕಪ್ಪನ್ನೂ ಗೆದ್ದಿದ್ದರು. ದೇಶದ ತಂಡಕ್ಕೆ ಬಂದರೆ ಮತ್ತೆ ಬೆಂಚು. 2003ರಲ್ಲಿ ಜರ್ಮನಿ ಮಹಿಳೆಯರ ವಿಶ್ವಕಪ್ ಗೆದ್ದಾಗಲೂ ಅಷ್ಟೇ. ತಮಾಷೆಯೆಂದರೆ ಇವರು ಚಿಕ್ಕಂದಿನಲ್ಲಿ ಗೋಲು ಹೊಡೆಯುತ್ತಿದ್ದವರು. ಗೋಲ್‌ಕೀಪರ್‌ಗೆ ಪೆಟ್ಟಾಯಿತೆಂದು ಒಂದು ದಿನ ಇವರನ್ನು ಗೋಲಿಗೆ ನಿಲ್ಲಿಸಿದರು, ಅಲ್ಲೇ ಉಳಿದರು.

2007ರಲ್ಲಿ ರೊಟ್ಟೆನ್‌ಬರ್ಗ್ ಮೊಣಕಾಲಿಗೆ ಏಟಾಯಿತು. ಚೀನಾದಲ್ಲಿ ನಡೆದ ವಿಶ್ವಕಪ್ಪಿಗೆ ಗೋಲು ಕಾಯಲು ಆಂಗರರ್ ಬಂದರು. ಆರು ಪಂದ್ಯ, 540 ನಿಮಿಷ, ಒಂದೇ ಒಂದು ಗೋಲು ಬಿಡಲಿಲ್ಲ. ಜರ್ಮನಿ 21 ಗೋಲು ಹೊಡೆಯಿತು, ಎದುರಾಳಿಗಳದ್ದು ಸೊನ್ನೆ. ಗಂಡಸರ ವಿಶ್ವಕಪ್ಪಿನಲ್ಲಿ ಇಟಲಿಯ ಜೆಂಗಾ 1990ರಲ್ಲಿ ಮಾಡಿದ್ದ 517 ನಿಮಿಷದ ದಾಖಲೆಗಿಂತ ಇದು ಜಾಸ್ತಿ. ಇದೂ ನಿಮ್ಮ ಲೇಖನದಲ್ಲಿ ಇರಲಿಲ್ಲ.

ಆ ಫೈನಲ್ ನೆನೆಸಿಕೊಳ್ಳಿ. ಶಾಂಘೈ, ಎದುರಿಗೆ ಬ್ರೆಜಿಲ್. ಜರ್ಮನಿಯ ಬಿರ್ಗಿಟ್ ಪ್ರಿನ್ಜ್ ಗೋಲು ಹೊಡೆದು 1-0 ಆಗಿದೆ. ಅಷ್ಟರಲ್ಲಿ ಬ್ರೆಜಿಲ್‌ಗೆ ಪೆನಾಲ್ಟಿ, ಒದೆಯಲು ಬಂದವರು ಮಾರ್ತಾ. ಆ ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದವರು. ಆಂಗರರ್ ತಡೆದರು. ಕೊನೆಗೆ 2-0. ಆ ಸೊನ್ನೆಯ ಓಟ ನಿಂತದ್ದು ನಾಲ್ಕು ವರ್ಷ ಕಳೆದು, 2011ರ ವಿಶ್ವಕಪ್ಪಿನಲ್ಲಿ, ಬರ್ಲಿನ್‌ನಲ್ಲಿ, ಕೆನಡಾದ ಸಿಂಕ್ಲೇರ್ ಹೊಡೆದ ಫ್ರೀ ಕಿಕ್‌ಗೆ. ಆಗ ವಿಶ್ವಕಪ್ ಪಂದ್ಯಗಳಲ್ಲಿ ಒಟ್ಟು 622 ನಿಮಿಷ ಆಗಿತ್ತು.

2013ರ ಯುರೋ, ಅಂದರೆ ಯುರೋಪಿನ ದೇಶಗಳ ಟೂರ್ನಿಯ ಫೈನಲ್ ಇನ್ನೂ ಸೊಗಸು. ಆಗ ಅವರೇ ನಾಯಕಿ, ವಯಸ್ಸು 34. ನಾರ್ವೆಗೆ ಎರಡು ಪೆನಾಲ್ಟಿ ಸಿಕ್ಕವು, ಎರಡನ್ನೂ ತಡೆದರು. ಜರ್ಮನಿ ಗೆದ್ದದ್ದು ಒಂದೇ ಗೋಲಿನಿಂದ. ಫಿಫಾ ಪ್ರಶಸ್ತಿಗೆ ಅವರ ಜೊತೆ ಕೊನೆಯ ಮೂವರಲ್ಲಿ ಅಮೆರಿಕದ ವಾಂಬಾಕ್ ಇದ್ದರು, ಮಾರ್ತಾ ಕೂಡ ಇದ್ದರು. ಹೌದು, ಅದೇ ಮಾರ್ತಾ.

ಆಮೇಲೂ ಸುಮ್ಮನಾಗಲಿಲ್ಲ. ಬ್ರಿಸ್ಬೇನ್, ಪೋರ್ಟ್‌ಲ್ಯಾಂಡ್ ಅಂತ ದೇಶ ಸುತ್ತಿ ಆಡಿದರು. 2015ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಪೆನಾಲ್ಟಿ ಶೂಟೌಟ್. ಎರಡೂ ಕಡೆಯವರು ಒಂದೂ ತಪ್ಪದೆ ಹೊಡೆಯುತ್ತಾ ಬಂದು, ಫ್ರಾನ್ಸ್‌ನ ಐದನೆಯದನ್ನು ಆಂಗರರ್ ತಡೆದರು. ಆ ವಿಶ್ವಕಪ್ ಮುಗಿಸಿ, 146 ಪಂದ್ಯಗಳ ಲೆಕ್ಕಕ್ಕೆ ಗ್ಲೌಸ್ ಕಳಚಿದರು.

ಜರ್ಮನಿಯಲ್ಲೂ ಹೆಣ್ಣುಮಕ್ಕಳ ಫುಟ್‌ಬಾಲ್‌ಗೆ ಯಾರೂ ಕೆಂಪು ಹಾಸು ಹಾಸಿರಲಿಲ್ಲ, ಬಿಡಿ. 1955ರಿಂದ 1970ರವರೆಗೆ ಅಲ್ಲಿನ ಫುಟ್‌ಬಾಲ್ ಸಂಸ್ಥೆಯೇ ಅದನ್ನು ನಿಷೇಧಿಸಿತ್ತು. 1989ರಲ್ಲಿ ಯುರೋ ಗೆದ್ದು ಬಂದವರಿಗೆ ಬಹುಮಾನವಾಗಿ ಕೊಟ್ಟದ್ದು ಕಾಫಿ ಕಪ್ಪು-ಬಸಿಗಳ ಸೆಟ್ಟು! ಆಂಗರರ್ ಬಂದದ್ದು ಅಂಥ ಕಾಲದ ಬೆನ್ನಿಗೇ.

ತಿದ್ದುಪಡಿ ಹಾಕುತ್ತೀರೆಂದು ನಂಬಿದ್ದೇನೆ. ಒಳಪುಟದ ಮೂಲೆಯಲ್ಲಿ ಎರಡು ಸಾಲು ಬೇಡ, ಕ್ರೀಡಾ ಪುಟದಲ್ಲೇ ಹಾಕಿ. ಜೊತೆಗೆ ಚಿತ್ರ ಹಾಕುವುದಾದರೆ ಟ್ರೋಫಿ ಹಿಡಿದು ನಗುವುದನ್ನು ಬಿಟ್ಟು, ಮಾರ್ತಾ ಪೆನಾಲ್ಟಿಯದ್ದು ಹುಡುಕಿ.

ಇಂತಿ,
ನಿಮ್ಮ ಹಳೆಯ ಓದುಗಿ
ಶಿವಮೊಗ್ಗ