ಒಡೆಯರ ಊರಿನ ಒಡೆಯದ ಸಂಖ್ಯೆ

ಮಾನ್ಯರೇ,

ನಿಮ್ಮ ದಿನಭವಿಷ್ಯದಲ್ಲಿ ಪ್ರತಿ ರಾಶಿಗೂ ಒಂದು ಅದೃಷ್ಟ ಸಂಖ್ಯೆ ಇರುತ್ತದೆ. ಒಂದರಿಂದ ಒಂಬತ್ತರೊಳಗೇ ಗಿರಕಿ ಹೊಡೆಯುತ್ತದೆ. ನಾನು ಮಂಡ್ಯದಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಟಪಾಲು ವಿಂಗಡಿಸಿದವನು. ಆರಂಕಿಯ ಪಿನ್‌ಕೋಡ್ ನೋಡಿ ನೋಡಿ ಕಣ್ಣು ಸವೆಸಿಕೊಂಡವನಿಗೆ ಒಂದಂಕಿ ಸಪ್ಪೆ.

ಕಳೆದ ತಿಂಗಳು ಆರನೇ ತರಗತಿಯ ಮೊಮ್ಮಗಳು, "ತಾತ, ನಮ್ಮ ಪಿನ್‌ಕೋಡ್ ಅವಿಭಾಜ್ಯ ಸಂಖ್ಯೆನಾ?" ಎಂದಳು. ಅಂದರೆ 1 ಮತ್ತು ಅದೇ ಸಂಖ್ಯೆ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆನಾ ಅಂತ. ನಮ್ಮದು 571401. ಕೊನೆಯಲ್ಲಿ 1 ಇದೆ, ಇದ್ದರೂ ಇರಬಹುದು ಎಂದೆ. ಅವಳು ಅಂಕಿಗಳನ್ನು ಕೂಡಿದಳು, 18 ಬಂತು. ಅಲ್ಲಿಗೆ ಮುಗಿಯಿತು, 9ರಿಂದ ಭಾಗವಾಗುತ್ತದೆ. ಸಂಖ್ಯಾಶಾಸ್ತ್ರದವರು ಇದೇ 18ನ್ನು ಇನ್ನೊಮ್ಮೆ ಕೂಡಿ, 9 ಬಂತು, ಶುಭ ಎನ್ನುತ್ತಾರೆ. ಶುಭವೂ ಇಲ್ಲ, ಅಶುಭವೂ ಇಲ್ಲ. 10, 100, 1000 ಯಾವುದನ್ನೇ 9ರಿಂದ ಭಾಗಿಸಿ, 1 ಉಳಿಯುತ್ತದೆ. ಅದಕ್ಕೇ ಅಂಕಿಗಳ ಮೊತ್ತ 9ರ ಗುಟ್ಟು ಹೇಳಿಬಿಡುತ್ತದೆ. ನಮ್ಮ ಮಂಡ್ಯ ಮೂರು ಸಲ 3ಕ್ಕೆ ಒಡೆದು 21163ಕ್ಕೆ ಬಂದು ನಿಂತಿತು. ಅದು ಮುಂದೆ ಯಾವುದಕ್ಕೂ ಬಗ್ಗಲಿಲ್ಲ.

ಜಿಲ್ಲೆಯ ಉಳಿದ ತಾಲ್ಲೂಕು ಕೇಂದ್ರಗಳನ್ನು ನೋಡುವ ಹಾಗೇ ಇಲ್ಲ. ಮದ್ದೂರು 571428, ಮಳವಳ್ಳಿ 571430, ನಾಗಮಂಗಲ 571432, ಪಾಂಡವಪುರ 571434. ಎಲ್ಲವೂ ಸಮ ಸಂಖ್ಯೆ, 2ಕ್ಕೇ ಬಿದ್ದುಹೋಗುತ್ತವೆ.

ಮೈಸೂರಿನಲ್ಲಿರುವ ನಮ್ಮ ಭಾವನಿಗೆ ಇದು ಗೊತ್ತಾಯಿತು. "ನಮ್ಮ 570001 ಒಡೆದು ತೋರಿಸು" ಎಂದರು. ಹಳೇ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಶುರು ಮಾಡಿದೆ. 755ನ್ನು 755ರಿಂದ ಗುಣಿಸಿದರೆ 570025, ಆಗಲೇ ಮೈಸೂರನ್ನು ದಾಟಿತು. ಅಪವರ್ತನ, ಅಂದರೆ ಶೇಷ ಉಳಿಯದಂತೆ ಭಾಗಿಸುವ ಸಂಖ್ಯೆ, ಇದ್ದರೆ ಜೋಡಿಯಲ್ಲಿ ಚಿಕ್ಕದು 755ರ ಒಳಗೇ ಇರಬೇಕು ಅಲ್ವಾ? ಅಲ್ಲಿಯವರೆಗಿನ ಅವಿಭಾಜ್ಯಗಳು 133. ಅಷ್ಟು ಭಾಗಾಕಾರ ಮಾಡಿದರೆ ಸಾಕು. ಮಗ ಮೊಬೈಲ್ ಹಿಡಿದು ಬಂದ. ಮುಗಿಯುವವರೆಗೂ ಬಾಯಿ ಬಿಡಬೇಡ ಎಂದೆ.

19ರಿಂದ ಭಾಗಿಸಿದೆ. 30000 ಸಲ ನೀಟಾಗಿ ಹೋಗಿ 1 ಉಳಿಯಿತು. 103 ಬಂದಾಗ ಸಿಕ್ಕಿಬಿತ್ತು ಎಂದೇ ಕುರ್ಚಿಯಿಂದ ಎದ್ದೆ. 103ನ್ನು 5534ರಿಂದ ಗುಣಿಸಿದರೆ 570002. ಒಂದೇ ಒಂದು ಜಾಸ್ತಿ! ಆ ರಾತ್ರಿ ಊಟ ಸೇರಲಿಲ್ಲ. ಎಂಟು ಸಂಜೆ ಕೂತು 751ಕ್ಕೆ ತಲುಪಿದೆ. ಅದಕ್ಕೂ ಜಗ್ಗಲಿಲ್ಲ. ಒಡೆಯರ ಊರಿನ ಸಂಖ್ಯೆ ಒಡೆಯಲೇ ಇಲ್ಲ. ಭಾವ ಈಗ ಸುಮ್ನೆ ಫೋನ್ ಮಾಡಿ ಅದನ್ನೇ ಹೇಳುತ್ತಾರೆ.

ನನ್ನ ಕೋರಿಕೆ ಚಿಕ್ಕದು. ವಾರಕ್ಕೊಂದು ದಿನ ಅದೃಷ್ಟ ಸಂಖ್ಯೆಯ ಜಾಗದಲ್ಲಿ ನಮ್ಮ ಕಡೆಯ ಯಾವುದಾದರೂ ಪಿನ್‌ಕೋಡ್ ಹಾಕಿ. ಮಕ್ಕಳು ಒಡೆದು ನೋಡಲಿ. ಪಿನ್‌ಕೋಡ್ 1972ರಿಂದ ಇದೆ. ಇಷ್ಟು ವರ್ಷ ಅದರಿಂದ ಬರೀ ಕಾಗದ ಹಂಚಿಸಿದ್ದೇವೆ.

ಭಾಗಾಕಾರ ಮಾಡಿದ ಹಾಳೆಗಳನ್ನು ಇದರ ಜೊತೆ ಇಟ್ಟಿದ್ದೇನೆ. 400 ದಾಟಿದ ಮೇಲೆ ಅಕ್ಷರ ಸ್ವಲ್ಪ ಕೆಟ್ಟಿದೆ. ತಪ್ಪು ಕಂಡರೆ ತಿಳಿಸಿ, ಭಾವನಿಗೆ ಮಾತ್ರ ಹೇಳಬೇಡಿ.

– ಒಬ್ಬ ನಿವೃತ್ತ ಟಪಾಲು ನೌಕರ, ಮಂಡ್ಯ